ಖಾಲಿ ಇರಬೇಕಾದ ಮೊದಲ ಸಾಲು

ಬೆಳಗಿನ ಆರೂಕಾಲು. ಕುಮಟಾ ತಾಲ್ಲೂಕಿನ ಬಾಡದ ಬಸ್ ನಿಲ್ದಾಣದಲ್ಲಿ ಗಂಗಿ ಗೌಡ ಹರಿವೆ ಸೊಪ್ಪಿನ ಬುಟ್ಟಿ ಇಳಿಸಿ ಕುಳಿತಿದ್ದಾರೆ. ಪಕ್ಕದಲ್ಲಿ, ಬ್ಯಾಗು ತಬ್ಬಿಕೊಂಡು ಸುಪ್ರಿಯಾ ನಾಯ್ಕ.

"ಗಂಗಕ್ಕಾ, ಆಂಬುಲೆನ್ಸಿಗೆ ಫೋನ್ ಮಾಡಿದ್ರೆ ಎಂತ ಹೇಳ್ತಿ?"

"ಗುಡ್ಡೆಕೇರಿ."

"ಅಲ್ಲ. ಮೊದ್ಲು ಬಾಡ ಅನ್ನು."

"ಎಂತಕೆ ಅನ್ಲಿ? ಹುಟ್ಟಿದ್ದು ಗುಡ್ಡೆಕೇರಿ, ಕೊಟ್ಟದ್ದೂ ಗುಡ್ಡೆಕೇರಿ. ನಿನ್ನ ಕಂಪ್ಯೂಟರಿಗೆ ನಮ್ಮ ಕೇರಿ ಇನ್ನೂ ಬಾಯಿಪಾಠ ಆಗ್ಲಿಲ್ವಾ? ನಾಕು ಬಾರ್ಸು, ಕಲೀತದೆ!"

ಬಸ್ಸಿಗೆ ಕಾದವರು ನಗುತ್ತಾರೆ. ಸುಪ್ರಿಯಾ ನಗುವುದಿಲ್ಲ.

ಹೊಳನಗದ್ದೆಯ ಸುಪ್ರಿಯಾ ಹಗಲು ಬಟ್ಟೆ ಅಂಗಡಿಯಲ್ಲಿ ದುಡಿದು, ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತವರು. ಈಗ ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಆಂಬುಲೆನ್ಸ್ ಓಡಿಸುವ ಸೇವಾ ಸಂಸ್ಥೆಯೊಂದರ ಕಚೇರಿಯಲ್ಲಿದ್ದಾರೆ. ಫೋನ್ ಬಂದಾಗ ಅಲ್ಲಿಯ ಸಿಬ್ಬಂದಿ ವೆಬ್ ಪುಟ ತೆರೆದು, ಕೆಳಗಿಳಿಯುವ ಪಟ್ಟಿಯಿಂದ ಊರು ಆರಿಸುತ್ತಾರೆ. ಆ ಊರಿನ ಹೆಸರು ಚಾಲಕನಿಗೆ ಹೋಗುತ್ತದೆ. ಚಾಲಕನನ್ನು ಎಲ್ಲರೂ ಬಲ್ಲರು. ಪಟ್ಟಿ ಕಟ್ಟುವವರನ್ನು ಯಾರೂ ಅರಿಯರು.

ಎರಡು ವರ್ಷದ ಹಿಂದೆ, 2004ರ ಮಳೆಗಾಲದಲ್ಲಿ, ಗಂಗಿಯವರ ಗಂಡ ಶುಕ್ರ ಗೌಡರಿಗೆ ಎದೆನೋವು ಬಂತು. ಗಂಗಿ ಫೋನಿನಲ್ಲಿ ಹೇಳಿದ್ದು ಗುಡ್ಡೆಕೇರಿ ಎಂದು. ಇಲ್ಲಿ ಊರು ಯಾವುದೆಂದರೆ ಎಲ್ಲರೂ ಹೇಳುವುದು ಕೇರಿಯ ಹೆಸರನ್ನೇ. ಪುಟದಲ್ಲಿ ಇದ್ದದ್ದು ಸರಕಾರಿ ದಾಖಲೆಯ ಗ್ರಾಮಗಳು ಮಾತ್ರ. ಬಾಡ ಇತ್ತು, ಅದರೊಳಗಿನ ಗುಡ್ಡೆಕೇರಿ ಸಿಗಲಿಲ್ಲ. ಯಾವುದನ್ನೂ ಆರಿಸದಿದ್ದರೆ ಪಟ್ಟಿ ಮೊದಲ ಹೆಸರಿನ ಮೇಲೆಯೇ ನಿಂತಿರುತ್ತಿತ್ತು. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮೊದಲು ಬರುವುದು ಅಘನಾಶಿನಿ. ಗಡಿಬಿಡಿಯಲ್ಲಿ ಅದೇ ಹೋಯಿತು. ಆಂಬುಲೆನ್ಸ್ ಬಾಡದ ಇದೇ ನಿಲ್ದಾಣ ದಾಟಿ ಅಘನಾಶಿನಿಗೆ ಹೋಗಿ, ಹುಡುಕಿ, ತಿರುಗಿ ಬರುವಷ್ಟರಲ್ಲಿ ಶುಕ್ರ ಇರಲಿಲ್ಲ.

"ಗಾಡಿ ಸದ್ದು ನಮಗೆ ಕೇಳಿತ್ತು. ಬಂತು ಅಂದ್ಕಂಡ್ರೆ, ಮುಂದೆ ಹೋಗೇ ಬಿಡ್ತು" ಎನ್ನುತ್ತಾರೆ ಗಂಗಿ.

ಆ ಪುಟ ಮಾಡಿದವರು ಬೇರೆ. ಸರಿಪಡಿಸಲು ಕುಳಿತವರು ಸುಪ್ರಿಯಾ. ಜನ ಕೆಲಸಕ್ಕೆ ಚದುರುವ ಮೊದಲೇ ಬಸ್ ನಿಲ್ದಾಣಗಳಲ್ಲಿ ನಿಂತು ಕೇರಿಗಳ ಹೆಸರು ಕೇಳಿದರು. ಒಂದೊಂದು ಕೇರಿಗೂ ಅದರ ಗ್ರಾಮ, ತಾಲ್ಲೂಕು ಜೋಡಿಸಿದರು. ತಾಲ್ಲೂಕು ಒತ್ತಿದರೆ ಅದರ ಗ್ರಾಮಗಳಷ್ಟೇ ಇಳಿಯುತ್ತವೆ, ಗ್ರಾಮ ಒತ್ತಿದರೆ ಅದರ ಕೇರಿಗಳು. ಕೇರಿಯಷ್ಟೇ ಗೊತ್ತಿದ್ದರೆ ಅದರಿಂದಲೇ ಗ್ರಾಮ ಸಿಗುತ್ತದೆ. ಭಟ್ಕಳದ ಕೆಲವು ಕೇರಿಗಳಿಗೆ ಕನ್ನಡದಲ್ಲೊಂದು, ಅಲ್ಲಿಯ ಮುಸ್ಲಿಮರ ಮನೆಮಾತಾದ ನವಾಯತಿಯಲ್ಲೊಂದು ಹೆಸರು. ಎರಡನ್ನೂ ಹಾಕಿದ್ದಾರೆ. ಎರಡೂ ಒಂದೇ ಕಡೆಗೆ ಗಾಡಿ ಕಳಿಸುತ್ತವೆ. ಎಲ್ಲಕ್ಕಿಂತ ಮೇಲಿನ ಸಾಲನ್ನು ಖಾಲಿ ಬಿಟ್ಟಿದ್ದಾರೆ.

ಇದೆಲ್ಲ ಬರುವ ತಿಂಗಳು ಹೋಗಲಿದೆ. ಹೊಸ ಕಂಪನಿಯೊಂದು ಹೊಸ ಪುಟ ಮಾಡುತ್ತಿದೆ. ಅದು ಗ್ರಾಮಗಳನ್ನು ಸರಕಾರಿ ದಾಖಲೆಯಿಂದ ತಾನೇ ಎತ್ತಿಕೊಳ್ಳುತ್ತದೆ. ಕೇರಿಗಳಿಗೆ ಅದರಲ್ಲಿ ಜಾಗವಿಲ್ಲ. ಕಚೇರಿಯ ವ್ಯವಸ್ಥಾಪಕ ತ್ರ್ಯಂಬಕ ಹೆಗಡೆಯವರನ್ನು ನಾನು ಈ ಬಗ್ಗೆ ಕೇಳಿದೆ. "ಸುಪ್ರಿಯಾ ಮಾಡಿದ್ದು ತಪ್ಪಲ್ಲ. ಆದರೆ ಅವಳು ಬಿಟ್ಟುಹೋದರೆ ಕೇರಿಗಳ ಹೆಸರು ಯಾರು ನೋಡಿಕೊಳ್ಳುತ್ತಾರೆ, ಹೇಳಿ?" ಎಂದರು. ಆ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಹೊಸ ಪುಟ ಬಂದ ಮೇಲೆ ಸುಪ್ರಿಯಾರ ಕೆಲಸ ಉಳಿಯುತ್ತದೆಯೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಹಾಗಾಗಿ ಈಗ ಅದೇ ನಿಲ್ದಾಣಗಳಲ್ಲಿ ನಿಂತು ಸುಪ್ರಿಯಾ ಉಲ್ಟಾ ಪಾಠ ಹೇಳುತ್ತಿದ್ದಾರೆ. ಹೆಸರು ಕೊಟ್ಟವರಿಗೇ, ಆ ಹೆಸರು ಮೊದಲು ಹೇಳಬೇಡಿ ಎನ್ನುವ ಪಾಠ.

"ನಾಚಿಕೆ ಆಗ್ತದೆ. ಕಂಪ್ಯೂಟರಿಗೆ ಕಲಿಸೂಕೆ ಬಿಡೂದಿಲ್ಲ ಅಂದ್ಮೇಲೆ, ಜನರಿಗಾದ್ರೂ ಕಲಿಸ್ಬೇಕಲ್ಲ?" ಎನ್ನುತ್ತಾರೆ.

ಏನು ಆಸೆ ಎಂದು ಕೇಳಿದರೆ ರಸ್ತೆ ನೋಡುತ್ತಾರೆ. "ಕೇರಿ ಬ್ಯಾಡ ಅಂದ್ರೆ ಬ್ಯಾಡ. ಮೊದಲ ಸಾಲು ಒಂದು ಖಾಲಿ ಇಡಿ ಅಂತ ಹೊಸ ಕಂಪನಿಯವರ ಹತ್ರ ಕೇಳಿದ್ದೇನೆ. ಖಾಲಿ ಇದ್ರೆ ಫೋನ್ ಎತ್ತಿದವರು ಇನ್ನೊಂದ್ಸಲ ಕೇಳ್ತಾರೆ. ನೋಡ್ವ ಅಂದಿದ್ದಾರೆ."

ಬಸ್ಸು ಬರುತ್ತದೆ. ಸುಪ್ರಿಯಾ ಬುಟ್ಟಿಗೆ ಕೈ ಕೊಡುತ್ತಾರೆ. ಮೆಟ್ಟಿಲು ಹತ್ತಿದ ಗಂಗಿ, ಹಿಂದಿನವರು ತಳ್ಳುತ್ತಿದ್ದರೂ ಬಾಗಿಲಲ್ಲೇ ನಿಂತು ತಿರುಗುತ್ತಾರೆ.

"ಬಾಡ" ಎನ್ನುತ್ತಾರೆ, ಬೈದ ಹಾಗೆ. "ಬಾಡ, ಗುಡ್ಡೆಕೇರಿ. ಆತಾ?"

"ಆತು, ಗಂಗಕ್ಕಾ."