ಅಲ್ಲಾಡಿ ಸ್ವಾಮಿ

ತುಮಕೂರಿನಿಂದ ಒಬ್ಬರೇ ಬಂದಿದ್ದ ಆ ಕ್ಯಾಮೆರಾದವರು ಇಡೀ ದಿನ ಹೇಳಿದ್ದು ಒಂದೇ ಮಾತು: "ಅಲ್ಲಾಡಿ ಸ್ವಾಮಿ."

ಆಗ ಅರವತ್ತರ ದಶಕ ಶುರುವಾಗಿತ್ತಷ್ಟೆ. ಗುಬ್ಬಿಯಲ್ಲಿ ನಮ್ಮ ಎಣ್ಣೆ ಮಿಲ್ಲಿನ ಎದುರಿಗೇ ಇನ್ನೊಂದು ಮಿಲ್ಲು ಬಂದು, ಗಿರಾಕಿಗಳೆಲ್ಲ ಅತ್ತ ಹೋಗುತ್ತಿದ್ದರು. ನಮ್ಮ ಮಿಲ್ಲಿನದೊಂದು ಪುಟ್ಟ ಫಿಲ್ಮು ತೆಗೆಸಿ ಟೆಂಟ್ ಸಿನಿಮಾದಲ್ಲಿ ಆಟಕ್ಕೆ ಮುಂಚೆ ತೋರಿಸುವುದೆಂದು ನಮ್ಮ ಯಜಮಾನರು ತೀರ್ಮಾನಿಸಿದರು. ಕ್ಯಾಮೆರಾದವರು ಫಿಲ್ಮು ತೆಗೆಯುವ ಹಿಂದಿನ ದಿನವೇ ಬಂದು, ಯಾರು ಎಲ್ಲಿ ಕೆಲಸ ಮಾಡಬೇಕೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋದರು.

ಮರುದಿನ ಆಳುಗಳೆಲ್ಲ ಹಬ್ಬದ ಬಟ್ಟೆ ಹಾಕಿಕೊಂಡು, ಆ ಗುರುತುಗಳ ಮೇಲೆ ಉಸಿರು ಬಿಗಿಹಿಡಿದು ನಿಂತರು. ಫೋಟೊ ಸ್ಟುಡಿಯೋಗಳಲ್ಲಿ 'ಅಲ್ಲಾಡಬೇಡಿ' ಅನ್ನಿಸಿಕೊಂಡು ಅಭ್ಯಾಸವಾದ ಜನ. ಯಜಮಾನರು ಗಾಣವನ್ನೂ ನಿಲ್ಲಿಸಿಬಿಟ್ಟಿದ್ದರು.

"ಅಲ್ಲಾಡಿ ಸ್ವಾಮಿ. ಇದು ಫೋಟೊ ಅಲ್ಲ, ಫಿಲ್ಮು."

"ಅಲ್ಲಾಡುದ್ರೆ ಮುಖ ಕೆಡ್ತದೆ, ಬುಡಿ," ಎಂದ ಗಾಣದ ಆಳು, ತುಟಿ ಕೂಡ ಸರಿಯಾಗಿ ತೆರೆಯದೆ.

ಕ್ಯಾಮೆರಾದವರು ಬೈಯಲಿಲ್ಲ. ಟವೆಲಿನಲ್ಲಿ ಕತ್ತು ಒರೆಸಿಕೊಂಡು ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದರು. ನಾನು ಮೂಲೆಯಲ್ಲಿ ಅವರಿಗೆಂದೇ ನಮ್ಮ ಎಣ್ಣೆಯಲ್ಲಿ ಬೋಂಡ ಕರಿಯುತ್ತಿದ್ದೆ. ನನಗೆ ಯಾರೂ ಗುರುತು ಹಾಕಿರಲಿಲ್ಲ.

ಟೆಂಟಿನಲ್ಲಿ ಜನ ನೋಡಿದ್ದು ನಾನು ಬೋಂಡ ಕರಿಯುವುದನ್ನೇ. ಮಾರನೆಯ ಬೆಳಿಗ್ಗೆ ಮಿಲ್ಲಿನ ಮುಂದೆ ಡಬ್ಬ ಹಿಡಿದವರ ಸಾಲು. ಕೆಲವರು ಬೋಂಡವನ್ನೂ ಕೇಳಿದರು.

ಎಷ್ಟೋ ವರ್ಷದ ಮೇಲೆ ತುಮಕೂರಿನ ಅವರ ಸ್ಟುಡಿಯೋಗೆ ಹೋದೆ. ಗೋಡೆಯ ಮೇಲೆ ಗಂಧದ ಹಾರ ಹಾಕಿದ ಅವರ ಫೋಟೊ ಇತ್ತು. ಮುಖ ಸರಿಯಾಗಿ ಕಾಣಿಸಲಿಲ್ಲ. ತೆಗೆಯುವಾಗ ಅಲ್ಲಾಡಿದ್ದರು.