ಬಿಳಿ ಹಲ್ಲಿನ ಅಡಿಯಲ್ಲಿ

ನನ್ನ ಬಾಯಿ ನಾರುತ್ತಿದೆ ಎಂದು ಮೊದಲು ಗೊತ್ತಾದದ್ದು ಒಬ್ಬ ಗಿರಾಕಿಯ ಮುಖ ನೋಡಿ.

ಸಿಂದಗಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಬ್ಲೌಸ್ ಹೊಲಿಯುತ್ತೇನೆ. ಅಳತೆ ತೆಗೆಯುವಾಗ ಹೆಂಗಸರ ಕೊರಳ ಹತ್ತಿರ ಮುಖ ತಂದೇ ಟೇಪು ಹಿಡಿಯಬೇಕು. ಅವತ್ತು ಶಾಲೆಯ ಶಿಕ್ಷಕಿಯೊಬ್ಬರು ಬಂದಿದ್ದರು. ತೋಳು ಎಷ್ಟುದ್ದ ಬೇಕೆಂದು ಕೇಳಲು ಬಾಯಿ ತೆರೆದೆ. ಅವರು ಉಸಿರು ಬಿಗಿಹಿಡಿದರು. ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

"ಹಳೇ ಬ್ಲೌಸ್ ಕಳಿಸ್ತೇನಿ ತಗೋರಿ. ಅದರ ಅಳತೀಗೇ ಹೊಲೀರಿ," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ನಾನು ಹೊಸ ಹಲ್ಲು ಹಾಕಿಸಿಕೊಂಡು ಆಗ ಮೂರು ತಿಂಗಳಾಗಿತ್ತು.

ಆ ಸಂಜೆ ನಮ್ಮ ಮನೆಯವರನ್ನು ಕೇಳಿದೆ. ಅವರು ಮೋಟಾರ್ ರಿವೈಂಡಿಂಗ್ ಕೆಲಸದವರು, ಮಾತು ಕಡಿಮೆ. ಕೆಲವು ವಾರಗಳಿಂದ ನನ್ನ ಎದುರಿಗೆ ಕೂತು ಉಣ್ಣುವುದನ್ನೇ ಬಿಟ್ಟಿದ್ದರು. ಕೆಲಸದ ದಣಿವು ಇರಬೇಕು ಅಂದುಕೊಂಡಿದ್ದೆ.

"ನನ್ನ ಬಾಯಿ ವಾಸನಿ ಬರ್ತೈತೇನ್ರಿ?"

"ಖರೇ ಹೇಳ್ಲೇನು?"

"ಹೇಳ್ರಿ."

"ಇಲಿ ಸತ್ತಂಗ ನಾರ್ತೈತಿ."

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮೇಲೇ ಹೇಸಿಗೆ ಬಂತು.

ನಾನು ತಾಂಬಾದಲ್ಲಿ ಬೆಳೆದವಳು. ನಮ್ಮ ಹೊಲದ ಬೋರಿನ ನೀರಿನಲ್ಲಿ ಫ್ಲೋರೈಡ್ ಇತ್ತೆಂದು ಆಮೇಲೆ ತಿಳಿಯಿತು. ಆ ನೀರು ಕುಡಿದ ನನಗೂ ನನ್ನ ತಂಗಿಗೂ ಹಲ್ಲಿನ ಮೇಲೆ ಕಂದು ಪಟ್ಟೆಗಳು. ಆದರೆ ಗಟ್ಟಿ ಹಲ್ಲು. ಕಬ್ಬು ಸಿಗಿದು ತಿಂದಿದ್ದೇನೆ, ಹದಿನೈದು ವರ್ಷ ಅದರಲ್ಲೇ ದಾರ ಕಡಿದಿದ್ದೇನೆ. ಒಂದು ದಿನವೂ ನೋವು ಅಂದಿಲ್ಲ. ತಂಗಿಯ ಕೂಸಿನ ನಾಮಕರಣದಲ್ಲಿ ಮಾತ್ರ, ಅಷ್ಟು ಜನರ ನಡುವೆ, ಫೋಟೋ ತೆಗೆಯುವವನು ಕೂಗಿ ಹೇಳಿದ್ದ: "ಅಕ್ಕಾರ, ಬಾಯಿ ಮುಚ್ಚಿ ನಗ್ರಿ." ಎಲ್ಲರೂ ನಕ್ಕರು. ನಾನೂ ನಕ್ಕೆ, ಬಾಯಿ ಮುಚ್ಚಿ.

ಮರುವಾರವೇ ಒಂದು ಡೆಂಟಲ್ ಕ್ಲಿನಿಕ್ಕಿಗೆ ಹೋದೆ. ಅದರ ಬೋರ್ಡಿನ ಮೇಲೆ 'ಸ್ಮೈಲ್ ಡಿಸೈನ್' ಎಂದಿತ್ತು. ಡಾಕ್ಟರು ನನ್ನ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಹಲ್ಲು ಬದಲಿಸಿ ತೋರಿಸಿದರು. ಅದೇ ಮುಖ, ಅದೇ ಕುಂಕುಮ, ಮಲ್ಲಿಗೆ ಮೊಗ್ಗಿನಂಥ ಹಲ್ಲು. ನೋಡಿ ನನಗೆ ಅಳುವೇ ಬಂತು.

"ವೆನೀರ್ ಅಂದ್ರ ಉಗುರಿನಷ್ಟು ತೆಳ್ಳನ ಹಾಳಿ ಇದ್ದಂಗರಿ. ಹಲ್ಲಿನ ಮ್ಯಾಲ ಅಂಟಿಸೂದು. ಒಂಚೂರು ಕೆರೀತೇವಿ, ಅಷ್ಟ," ಎಂದರು.

ಒಂಚೂರು ಅಂದರೆ ಎಷ್ಟು ಎಂದು ನಾನು ಕೇಳಲಿಲ್ಲ.

ಇಂಜೆಕ್ಷನ್ ಕೊಟ್ಟು ಎರಡು ತಾಸು ಕೆರೆದರು. ಬಾಯಿ ಜೋಮು ಹಿಡಿದಿತ್ತು, ಮೂಗು ಹಿಡಿದಿರಲಿಲ್ಲ. ಕೂದಲು ಸುಟ್ಟಂಥ ವಾಸನೆ. ಅದು ನನ್ನದೇ ಹಲ್ಲು. ಬಾಯಿ ಮುಕ್ಕಳಿಸಲು ಎದ್ದಾಗ ಬೇಸಿನ್ ಮೇಲಿನ ಕನ್ನಡಿ ನೋಡಿದೆ. ಮೇಲಿನ ಎಂಟು ಹಲ್ಲುಗಳಿದ್ದ ಕಡೆ ಎಂಟು ಚೂಪು ಮೊಳೆಗಳು.

"ಇದೇನ್ರಿ ಡಾಕ್ಟರ?"

"ಕಲೆ ಭಾಳ ಆಳ ಇದ್ದೂರಿ. ವೆನೀರ್ ನಿಲ್ಲಂಗಿಲ್ಲ. ಕ್ರೌನ್ ಅಂದ್ರ ಹಲ್ಲಿಗೆ ಟೊಪ್ಪಿಗಿ ಹಾಕಿದಂಗ, ಗಟ್ಟಿ ಇರ್ತೈತಿ."

ಕೆರೆದ ಮೇಲೆ ಹೇಳಿದರು.

ವಾರದ ನಂತರ ಎಂಟೂ ಕ್ರೌನುಗಳನ್ನು ಒಂದಕ್ಕೊಂದು ಅಂಟಿಸಿದ ಒಂದೇ ತುಂಡು ಬಂತು. ಚಹಾ ಕಪ್ಪಿನಂಥ ಬಿಳುಪು. ಒಂದು ತಿಂಗಳು ನಾನು ಸುಮ್ಮಸುಮ್ಮನೆ ನಕ್ಕೆ. ಆಮೇಲೆ ಬ್ರಷ್ಷಿನಲ್ಲಿ ರಕ್ತ ಕಾಣಿಸಿತು. ಬಾಯಲ್ಲಿ ತುಕ್ಕಿನ ರುಚಿ. ನಂತರ ಆ ನಾತ.

ಮನೆಯವರು ಇಲಿಯ ಮಾತು ಆಡಿದ ಮರುದಿನ ಮತ್ತೆ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಮಾಸ್ಕ್ ಸರಿಮಾಡಿಕೊಂಡು ದೂರದಿಂದಲೇ ಇಣುಕಿದರು. "ನೀವು ಹಲ್ಲು ಸರಿ ತಿಕ್ಕೂದಿಲ್ಲ. ಹೈಜೀನ್ ಇಲ್ಲಂದ್ರ ಯಾರೇನು ಮಾಡಾಕ ಬರ್ತೈತ್ರಿ?" ಎಂದು ಮೌತ್‌ವಾಶ್ ಬರೆದುಕೊಟ್ಟರು.

ನಾನು ನಂಬಿದೆ. ದಿನಕ್ಕೆ ಐದು ಸಲ ತಿಕ್ಕಿದೆ. ಉಪ್ಪು, ಪಟಕ, ಲವಂಗ ಎಲ್ಲ ಆಯಿತು. ಗಿರಾಕಿಗಳ ಅಳತೆ ತೆಗೆಯುವುದನ್ನೇ ನಿಲ್ಲಿಸಿದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಬರೀ ಸೀರೆಗಳಿಗೆ ಫಾಲ್ ಹಚ್ಚುತ್ತ ಕೂತೆ. ಒಂದು ಬೆಳಿಗ್ಗೆ ಒಸಡು ಒತ್ತಿ ನೋಡಿದೆ. ಹೆಬ್ಬೆರಳಿಗೆ ಹಳದಿ ಕೀವು ಅಂಟಿಕೊಂಡಿತು. ಆ ಬೆರಳನ್ನು ಸೋಪು ಹಚ್ಚಿ ಎಷ್ಟು ತೊಳೆದರೂ ಅದರಿಂದ ಊಟ ಮಾಡಲಾಗಲಿಲ್ಲ. ಚಮಚೆಯಲ್ಲಿ ಗಂಜಿ ಕುಡಿದೆ.

ನಮ್ಮ ಮನೆಯವರು ತಮ್ಮ ಮೋಟಾರ್ ಅಂಗಡಿ ಒಂದು ದಿನ ಮುಚ್ಚಿ ನನ್ನನ್ನು ಬಿಜಾಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ನನಗಿಂತ ಚಿಕ್ಕವಳು. ಎಕ್ಸ್-ರೇ ನೋಡಿ, "ಇದನ್ನ ಸೀಳಿ ತಗೀಬೇಕಾಗ್ತೈತ್ರಿ," ಎಂದಳು. ಸಣ್ಣ ಚಕ್ರದಿಂದ ಕೊರೆದು ತುಂಡನ್ನು ಎತ್ತಿದಾಗ ಪಕ್ಕದಲ್ಲಿದ್ದ ನರ್ಸ್ ಮುಖ ತಿರುವಿದಳು. ಡಾಕ್ಟರು ತಿರುವಲಿಲ್ಲ.

ತೋರಿಸಿ ಎಂದು ನಾನೇ ಹಟ ಮಾಡಿದೆ. ಕ್ರೌನಿನ ಒಳಗೆ ಬೂದು ಬಣ್ಣದ ಅಂಟು. ತಿಂಗಳುಗಟ್ಟಲೆ ತಿಂದ ರೊಟ್ಟಿ, ಬೇಳೆ, ಅನ್ನ ಎಲ್ಲ ಅಲ್ಲೇ ಕೊಳೆತು ಲೋಳೆಯಾಗಿತ್ತು. ಕನ್ನಡಿಯಲ್ಲಿ ನೋಡಿದರೆ, ಅದರಡಿ ಇದ್ದ ಮೊಳೆಗಳಲ್ಲಿ ಮೂರು ಕಪ್ಪಗಾಗಿದ್ದವು. ನಾನು ಬೇಸಿನ್ನಿಗೆ ಬಗ್ಗಿ ವಾಂತಿ ಮಾಡಿದೆ. ಇಷ್ಟು ದಿನ ಇದನ್ನು ಬಾಯಲ್ಲಿಟ್ಟುಕೊಂಡು ಮಾತಾಡಿದ್ದೆ. ಇದನ್ನು ಇಟ್ಟುಕೊಂಡು ತಂಗಿಯ ಕೂಸಿಗೆ ಮುತ್ತು ಕೊಟ್ಟಿದ್ದೆ.

"ನಂದ ತಪ್ಪರಿ. ನಾ ಸರಿ ತಿಕ್ಕಲಿಲ್ಲ," ಎಂದೆ.

ಡಾಕ್ಟರು ಸ್ಟೂಲ್ ಎಳೆದುಕೊಂಡು ನನ್ನ ಮುಖದ ಹತ್ತಿರವೇ ಕೂತಳು. "ನಿಮ್ಮ ಹೊಲಸಲ್ಲರಿ ಇದು. ಇದರೊಳಗ ಬ್ರಷ್ ಹೋಗಾಕ ಜಾಗಾನ ಬಿಟ್ಟಿಲ್ಲ ಅವ್ರು. ಅಂಚು ಸರಿ ಕೂತಿಲ್ಲ. ನೂರು ಸಲ ತಿಕ್ಕಿದ್ರೂ ಇದು ಆಗೂದ ಇತ್ತು."

"ಕಲೆ ಆಳ ಇತ್ತಂತ ಹೇಳಿದ್ರು..."

ಅವಳು ನನ್ನ ಮೊಬೈಲಿನಲ್ಲಿದ್ದ ಹಳೆಯ ಫೋಟೋ ದೊಡ್ಡದು ಮಾಡಿ ನೋಡಿದಳು. "ಮ್ಯಾಲಿನ ಪದರ ಹಗೂರಕ ತಿಕ್ಕಿ, ಬ್ಲೀಚ್ ಮಾಡಿ ನೋಡಬಹುದಿತ್ತರಿ. ಹಲ್ಲು ಗಟ್ಟಿ ಇದ್ವು."

ಹಲ್ಲು ಗಟ್ಟಿ ಇದ್ದವು.

ಎರಡಕ್ಕೆ ರೂಟ್ ಕೆನಾಲ್ ಆಯಿತು. ಒಂದನ್ನು ಕೀಳಬೇಕಾಯಿತು. ಒಸಡು ಮಾಯಲು ಎರಡು ತಿಂಗಳು ಬೇಕಾಯಿತು. ಆ ನಡುವೆ ಒಂದು ದಿನ, ಸೀಳಿದ ತುಂಡನ್ನು ಡಬ್ಬಿಯಲ್ಲಿ ಹಾಕಿಕೊಂಡು ಹಳೆಯ ಕ್ಲಿನಿಕ್ಕಿಗೆ ಹೋದೆ. ಹೊರಗಿನ ಕೋಣೆಯ ಗೋಡೆಯ ಮೇಲಿನ ಪೋಸ್ಟರಿನಲ್ಲಿ ನನ್ನದೇ ಬಾಯಿ: ಒಂದು ಕಡೆ ಕಂದು, ಇನ್ನೊಂದು ಕಡೆ ಬಿಳಿ. ಅದರ ಕೆಳಗೆ ತಾಯಿಯ ಜೊತೆ ಒಬ್ಬಳು ಹುಡುಗಿ ಕೂತಿದ್ದಳು. ಹತ್ತಿರದ ಕನ್ನೊಳ್ಳಿ ಊರಿನವರು. ಮದುವೆ ಗೊತ್ತಾಗಿದೆಯಂತೆ, ಹಲ್ಲು ಮಾಡಿಸಬೇಕಂತೆ. ಹುಡುಗಿಗೆ ನನ್ನಂಥವೇ ಕಂದು ಪಟ್ಟೆ.

ನಾನು ಡಬ್ಬಿ ತೆರೆದೆ. ತೊಳೆದಿದ್ದರೂ ವಾಸನೆ ಪೂರ್ತಿ ಹೋಗಿರಲಿಲ್ಲ. ತಾಯಿ ಮೂಗು ಮುಚ್ಚಿಕೊಂಡಳು.

"ಗ್ವಾಡಿ ಮ್ಯಾಲಿನ ಬಾಯಿ ನಂದವ್ವಾ. ಇವು ಅವ ಹಲ್ಲು," ಎಂದೆ. "ನಿನ್ನ ಹಲ್ಲು ಎಷ್ಟು ಕೆರೀತಾರಂತ ಮೊದಲ ಕೇಳು. ಹಾಳಿ ಮ್ಯಾಲ ಬರಸ್ಕೋ. ಕೆರೆದದ್ದು ತಿರುಗಿ ಬರಂಗಿಲ್ಲ."

ಸದ್ದು ಕೇಳಿ ಡಾಕ್ಟರು ಹೊರಗೆ ಬಂದರು. "ಏನ್ರಿ ಇದು, ಪೇಷಂಟ್ ಮುಂದ?"

"ನನ್ನ ಬಾಯಿ ಅಲ್ಲಿಂದ ತಗೀರಿ."

ತೆಗೆಯಲಿಲ್ಲ. ಕುರ್ಚಿ ಹತ್ತಿ ನಾನೇ ಹರಿದೆ. ಆ ಹುಡುಗಿ ಎದ್ದು ಹೊರಗೆ ಬಂದಳೋ ಒಳಗೆ ಹೋದಳೋ ನನಗೆ ಗೊತ್ತಿಲ್ಲ. ಹಿಂತಿರುಗಿ ನೋಡುವ ಧೈರ್ಯವಾಗಲಿಲ್ಲ.

ಈಗ ಬೇರೆ ಕ್ರೌನುಗಳಿವೆ. ಅಷ್ಟು ಬಿಳಿ ಇಲ್ಲ, ಹಲ್ಲಿನ ಬಣ್ಣವೇ. ಸಂದಿಗೆ ಹೋಗುವ ಸಣ್ಣ ಬ್ರಷ್ಷನ್ನು ಹೇಗೆ ಆಡಿಸಬೇಕೆಂದು ಬಿಜಾಪುರದ ಡಾಕ್ಟರು ನನ್ನ ಕೈ ಹಿಡಿದು ಕಲಿಸಿದಳು. ಇವೂ ಕೊನೆತನಕ ಬರುವುದಿಲ್ಲ, ಮುಂದೊಂದು ದಿನ ಬದಲಿಸಬೇಕು ಎಂದೂ ಹೇಳಿದ್ದಾಳೆ. ಆ ಮಾತು ಕೇಳಿ ಮೊದಲು ಬೇಡವೇ ಬೇಡ ಎಂದಿದ್ದೆ. ಈಗ ಒಪ್ಪಿಕೊಂಡಿದ್ದೇನೆ. ಯಾರೋ ಒಬ್ಬರು ಕೆಲಸಕ್ಕೆ ಮೊದಲೇ ನಿಜ ಹೇಳಿದರಲ್ಲ, ಅದೇ ದೊಡ್ಡದು ಅನಿಸುತ್ತದೆ.

ಆದರೂ ದಿನಕ್ಕೆ ಎರಡು ಮೂರು ಸಲ ಅಂಗೈಗೆ ಉಸಿರು ಬಿಟ್ಟು ಮೂಸುತ್ತೇನೆ. ಏನೂ ಇರುವುದಿಲ್ಲ. ಒಮ್ಮೊಮ್ಮೆ ಚಹಾದ ವಾಸನೆ, ಅಷ್ಟೇ.