ಸಮೋವರಿನ ಪಕ್ಕದ ಆಟಗಾರ್ತಿ
ಹದಿನಾಲ್ಕು ವರ್ಷಗಳಿಂದ ಸಂಬಳಕ್ಕೆ ಬ್ಯಾಸ್ಕೆಟ್‌ಬಾಲ್ ಆಡುತ್ತಿರುವ ಅಕ್ಮರಾಲ್‌ಗೆ ಬೆನ್ನಲ್ಲೂ ಕಣ್ಣಿದೆ ಎಂದು ಅಲ್ಮಾಟಿ ನಗರದ ಜನ ಹೇಳುತ್ತಾರೆ. ಯಾವ ಜೊತೆಗಾತಿಯ ಕೈ ಖಾಲಿಯಿದೆಯೋ ಅವಳಿಗೇ, ತಿರುಗಿಯೂ ನೋಡದೆ ಚೆಂಡು ದಾಟಿಸುತ್ತಾಳೆ. ಗಂಡನ ಮನೆಯಲ್ಲಿ ಆ ಕಣ್ಣು ಚಹಾಕ್ಕೆ ಮೀಸಲು. ಸೊಸೆಯಾದವಳು ಚಹಾಕ್ಕೆ ನೀರು ಕಾಯಿಸುವ ಸಮೋವರಿನ ಪಕ್ಕ ಮಂಡಿ ಮಡಚಿ ಕೂತು, ನೆಂಟರ ಬಟ್ಟಲು ಬರಿದಾಗುವ ಮೊದಲೇ ಮತ್ತೆ ಅರ್ಧ ತುಂಬಬೇಕು. ಪೂರ್ತಿ ತುಂಬಿದರೆ ಎದ್ದು ಹೋಗಿ ಎಂದಂತೆ. ಚಿಕ್ಕಮಾವ ಬಟ್ಟಲು ಕೆಳಗಿಡುವ ಯೋಚನೆ ಮಾಡುವಾಗಲೇ ಅವಳ ಕೈ ಚಾಚಿರುತ್ತದೆ. "ಈ ಚೆಂಡಾಟ ಇನ್ನೂ ಎಷ್ಟು ದಿನ ತಾಯಿ?" ಎಂದು ಅವರು ಕೇಳಿದರೆ, "ನಿಮ್ಮ ಚಹಾ ಮುಗಿಯೋವರೆಗೆ, ಮಾವ" ಎನ್ನುತ್ತಾಳೆ. ಹಾಗಾದರೆ ಮುಗಿಯುವುದೇ ಇಲ್ಲ ಎಂದು ಎಲ್ಲರೂ ನಗುತ್ತಾರೆ. ಅವಳ ಬಲಮಂಡಿ ಬಾತಿದೆ, ಮುಂದಿನ ಪಂದ್ಯದಲ್ಲಿ ಅದು ಕೈಕೊಟ್ಟರೆ ತಂಡ ಅವಳನ್ನು ಉಳಿಸಿಕೊಳ್ಳುವುದಿಲ್ಲ ಎಂಬುದು ಗೊತ್ತಿರುವುದು ಅತ್ತೆಯೊಬ್ಬರಿಗೇ. ನಿನ್ನೆ ಅವರು ಹತ್ತಿರ ಬಂದು, "ಏಳೇ, ಆ ಮಂಡಿ ಆಟಕ್ಕೆ ಬೇಕು. ನಾನು ಕೂರ್ತೀನಿ" ಎಂದು ನೆಲಕ್ಕೆ ಬಗ್ಗಿದರು. ಒಂದು ಆಯುಷ್ಯವೆಲ್ಲ ಅದೇ ಜಾಗದಲ್ಲಿ ಮಡಚಿಕೊಂಡಿದ್ದ ಅವರ ಮಂಡಿ ಲಟಕ್ಕೆಂದಿತು. ಅಕ್ಮರಾಲ್ ಅತ್ತೆಯ ತೋಳು ಹಿಡಿದು ಮೇಲೆತ್ತಿದಳು. ಗಂಡ ಸೆರಿಕ್ ಅವಳ ಬೆನ್ನ ಹಿಂದೆಯೇ ದಿಂಬಿಗೊರಗಿದ್ದ, ಎರಡೂ ಕೈ ಖಾಲಿ. ತಿರುಗಿಯೂ ನೋಡದೆ ಚಹಾದ ಕೆಟಲನ್ನು ಆ ಕೈಗೆ ದಾಟಿಸಿದಳು. "ಅರ್ಧ ಮಾತ್ರ," ಎಂದಳು. "ಬೇಗ, ಚಿಕ್ಕಮಾವನ ಬಟ್ಟಲು ಖಾಲಿಯಾಯ್ತು."